ನಾಯಿಯ ಹೊಟ್ಟೆ ಕೆಟ್ಟಾಗ: ಏನು ನೋಡಬೇಕು, ಏನು ಕೊಡಬೇಕು, ಯಾವಾಗ ಡಾಕ್ಟರ್ ಹತ್ತಿರ ಓಡಬೇಕು

'ನಮ್ಮ ನಾಯಿ ಬೆಳಗ್ಗೆಯಿಂದ ವಾಂತಿ ಮಾಡ್ತಿದೆ, ಏನು ಕೊಡಲಿ?' ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಅದರ ಹಿಂದೆಯೇ ಬರುವುದು ಇನ್ನೊಂದು: 'ಏನು ತಿಂದರೂ ಇದಕ್ಕೆ ಹೊಟ್ಟೆ ಕೆಡುತ್ತೆ, ಯಾವ ಊಟ ಕೊಡಲಿ?' ಎರಡರಲ್ಲೂ ಇರುವ ಪದ 'ಕೊಡಲಿ'. ಕಣ್ಣೆದುರು ನಾಯಿ ನರಳುತ್ತಿದ್ದರೆ ಕೈ ಸುಮ್ನೆ ಇರುವುದಿಲ್ಲ, ಅಲ್ವಾ? ಏನಾದರೂ ತಿನ್ನಿಸೋಣ, ಏನಾದರೂ ಕುಡಿಸೋಣ ಅನ್ನಿಸುತ್ತದೆ.

ಆದರೆ ಸಾಮಾನ್ಯ ಹೊಟ್ಟೆ ತೊಂದರೆ ಹೆಚ್ಚಿನ ಸಲ ಒಂದೆರಡು ದಿನದಲ್ಲಿ ತಾನಾಗಿಯೇ ಸರಿಹೋಗುತ್ತದೆ. ನಮ್ಮ ಕೆಲಸ ಎರಡೇ. ತಾನಾಗಿ ಸರಿಹೋಗದ ತೊಂದರೆಯನ್ನು ಬೇಗ ಗುರುತಿಸುವುದು. ಮಿಕ್ಕಿದ್ದಕ್ಕೆ ಹೊಟ್ಟೆಗೆ ಇನ್ನಷ್ಟು ಕೆಲಸ ಹಚ್ಚದೆ ಇರುವುದು. ಈ ಎರಡನ್ನೂ ಹಂತ ಹಂತವಾಗಿ ಹೇಳುತ್ತೇನೆ. ದಯವಿಟ್ಟು ಮೊದಲ ಹಂತವನ್ನು ಮಾತ್ರ ಬಿಟ್ಟು ಮುಂದೆ ಹೋಗಬೇಡಿ.

ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ಒಂದು ಡಿಜಿಟಲ್ ಥರ್ಮಾಮೀಟರ್ (ನಾಯಿಗೆಂದೇ ಬೇರೆ ಇರಲಿ), ಅಳತೆಯ ಲೋಟ, ಒಂದು ಸಣ್ಣ ನೋಟ್‌ಪುಸ್ತಕ, ಮಲದ ಮಾದರಿ ಒಯ್ಯಲು ಮುಚ್ಚಳವಿರುವ ಡಬ್ಬಿ. ನಾಯಿಯ ಈಗಿನ ತೂಕ ಎಷ್ಟು ಅಂತ ಬರೆದಿಡಿ. ಹತ್ತಿರದ ಪಶುವೈದ್ಯರ ನಂಬರ್ ಜೊತೆಗೆ, ರಾತ್ರಿ ಹೊತ್ತು ತೆರೆದಿರುವ ಆಸ್ಪತ್ರೆಯ ನಂಬರ್ ಕೂಡ ಫೋನಿನಲ್ಲಿ ಇರಲಿ. ನಡುರಾತ್ರಿ ಹುಡುಕುತ್ತಾ ಕೂರುವ ಹಾಗಾಗಬಾರದು.

1. ಓಡಬೇಕೋ, ಕಾಯಬಹುದೋ? ಮೊದಲು ಇದನ್ನು ತೀರ್ಮಾನಿಸಿ

ಕೆಳಗಿನ ಯಾವುದಾದರೂ ಒಂದು ಕಂಡರೂ ಮನೆಮದ್ದು ಬೇಡ. ಡಾಕ್ಟರಿಗೆ ಫೋನ್ ಮಾಡಿ, ಹೊರಡಿ.

- ವಾಂತಿ ಮಾಡಲು ಮತ್ತೆ ಮತ್ತೆ ಒದ್ದಾಡುತ್ತದೆ, ಆದರೆ ನೊರೆ ಬಿಟ್ಟು ಏನೂ ಬರುವುದಿಲ್ಲ. ಹೊಟ್ಟೆ ಉಬ್ಬಿ ಬಿಗಿಯಾಗಿದೆ. ಒಂದು ಕಡೆ ನಿಲ್ಲುತ್ತಿಲ್ಲ, ಜೊಲ್ಲು ಸುರಿಸುತ್ತಿದೆ.
- ವಾಂತಿಯಲ್ಲಿ ರಕ್ತ ಇದೆ, ಅಥವಾ ಕಾಫಿ ಪುಡಿಯಂಥ ಕಂದು ಕಣಗಳಿವೆ.
- ಭೇದಿಯಲ್ಲಿ ರಕ್ತ ಜಾಸ್ತಿ ಇದೆ, ಅಥವಾ ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿದೆ.
- ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ.
- ಮರಿಗೆ ಲಸಿಕೆ ಪೂರ್ತಿ ಆಗಿಲ್ಲ, ವಾಂತಿ ಅಥವಾ ಭೇದಿ ಶುರುವಾಗಿದೆ.
- ತಿನ್ನಬಾರದ್ದನ್ನು ತಿಂದಿದೆ, ಅಥವಾ ತಿಂದಿರಬಹುದು ಅನ್ನುವ ಅನುಮಾನ ಇದೆ.
- ಎದ್ದು ನಿಲ್ಲಲು ಆಗುತ್ತಿಲ್ಲ, ಕರೆದರೆ ತಿರುಗಿ ನೋಡುತ್ತಿಲ್ಲ, ಒಸಡು ಬಿಳಿಚಿಕೊಂಡಿದೆ.
- ಹೊಟ್ಟೆ ಮುಟ್ಟಿದರೆ ಕಿರುಚುತ್ತದೆ. ಅಥವಾ ಮುಂಗಾಲು ಚಾಚಿ ಎದೆ ನೆಲಕ್ಕಿಟ್ಟು, ಹಿಂಭಾಗ ಮೇಲೆತ್ತಿ ನಿಲ್ಲುತ್ತದೆ.

ಇವುಗಳಲ್ಲಿ ಮೂರರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಈ ಮೂರರಲ್ಲಿ ತಡ ಮಾಡಿದರೆ ಜೀವವೇ ಹೋಗಬಹುದು.

ಮೊದಲನೆಯದು ಹೊಟ್ಟೆ ತಿರುಚುವುದು. ಜಠರದಲ್ಲಿ ಗಾಳಿ ತುಂಬಿಕೊಂಡು ಅದು ತನ್ನ ಸುತ್ತಲೇ ತಿರುಗಿಬಿಡುತ್ತದೆ. ಮೇಲಿನ ದಾರಿಯೂ ಮುಚ್ಚುತ್ತದೆ, ಕೆಳಗಿನ ದಾರಿಯೂ ಮುಚ್ಚುತ್ತದೆ, ರಕ್ತ ಓಡಾಟ ನಿಲ್ಲುತ್ತದೆ. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್‌ನಂಥ ಆಳವಾದ ಎದೆಯ ದೊಡ್ಡ ನಾಯಿಗಳಲ್ಲಿ ಇದು ಜಾಸ್ತಿ. ಇದಕ್ಕಿರುವುದು ಶಸ್ತ್ರಚಿಕಿತ್ಸೆ ಒಂದೇ, ಅದೂ ಕೆಲವೇ ಗಂಟೆಗಳೊಳಗೆ. ಬೆಳಗಾಗಲಿ ನೋಡೋಣ ಅನ್ನುವ ಹಾಗಿಲ್ಲ.

ಎರಡನೆಯದು ಪಾರ್ವೋ. ಇದು ವೈರಸ್ ಕಾಯಿಲೆ. 6 ವಾರದಿಂದ 6 ತಿಂಗಳ ಒಳಗಿನ, ಲಸಿಕೆ ಆಗದ ಮರಿಗಳಿಗೆ ಹೆಚ್ಚು ತಗಲುತ್ತದೆ. ಮರಿ ಮೊದಲು ಮಂಕಾಗುತ್ತದೆ, ಊಟ ಬಿಡುತ್ತದೆ. ಆಮೇಲೆ ವಾಂತಿ, ಅದರ ಹಿಂದೆ ಕೆಟ್ಟ ವಾಸನೆಯ ರಕ್ತಭೇದಿ. ಮರಿಯ ಮೈ ಚಿಕ್ಕದು, ಅದರ ನೀರು ಒಂದೇ ದಿನದಲ್ಲಿ ಬತ್ತಿಹೋಗುತ್ತದೆ. ಬೇಗ ಡ್ರಿಪ್ ಹಾಕಿಸಿದರೆ ಎಷ್ಟೋ ಮರಿಗಳು ಬದುಕುತ್ತವೆ. ಒಂದು ಎಚ್ಚರಿಕೆ: ಮರಿಯನ್ನು ನೇರವಾಗಿ ಆಸ್ಪತ್ರೆಯ ಕಾಯುವ ಕೋಣೆಗೆ ಒಯ್ಯಬೇಡಿ. ಬೇರೆ ನಾಯಿಗಳಿಗೆ ಹರಡುತ್ತದೆ. ಹೊರಗಿನಿಂದಲೇ ಫೋನ್ ಮಾಡಿ ತಿಳಿಸಿ. ಈ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಮಾಮೂಲಿ ಸೋಪಿಗೆ ಸಾಯುವುದಿಲ್ಲ. ಮೊದಲು ಕೊಳೆ ತೆಗೆದು, ಆಮೇಲೆ 30 ಪಾಲು ನೀರಿಗೆ 1 ಪಾಲು ಬ್ಲೀಚ್ ಬೆರೆಸಿ ಒರೆಸಿ, ಹತ್ತು ನಿಮಿಷ ಹಾಗೇ ಬಿಡಬೇಕು.

ಮೂರನೆಯದು ವಿಷ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಮದ್ಯ, ಇಲಿ ಪಾಷಾಣ, ಮನುಷ್ಯರ ಮಾತ್ರೆ. ಇವುಗಳ ಜೊತೆ ಕ್ಸೈಲಿಟಾಲ್ ಹೆಸರನ್ನೂ ನೆನಪಿಡಿ. ಸಕ್ಕರೆ ಇಲ್ಲದ ಚೂಯಿಂಗ್ ಗಮ್, ಕೆಲವು ಪೀನಟ್ ಬಟರ್, ಟೂತ್‌ಪೇಸ್ಟ್‌ಗಳಲ್ಲಿ ಹಾಕುವ ಸಿಹಿ ಪದಾರ್ಥ ಅದು. ನಮಗೆ ಏನೂ ಆಗದು. ನಾಯಿಗೆ ಅರ್ಧ ಗಂಟೆಯಲ್ಲೇ ರಕ್ತದ ಸಕ್ಕರೆ ಕುಸಿಯಬಹುದು, ಯಕೃತ್ತು ಕೆಡಬಹುದು. ದ್ರಾಕ್ಷಿ ಮೂತ್ರಪಿಂಡಕ್ಕೆ ಹೊಡೆತ. ಈರುಳ್ಳಿ, ಬೆಳ್ಳುಳ್ಳಿ ಕೆಂಪು ರಕ್ತಕಣ ಒಡೆಯುತ್ತವೆ. ಬೇಯಿಸಿದರೂ ಅಷ್ಟೇ, ಪುಡಿ ಮಾಡಿದರೂ ಅಷ್ಟೇ.

*ಇಲ್ಲಿ ಆಗುವ ತಪ್ಪು:* ವಿಷ ತಿಂದಿದೆ ಅಂತ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು. ಖಂಡಿತ ಬೇಡ. ಉಪ್ಪೇ ವಿಷವಾಗುತ್ತದೆ. ಕೆಲವು ಪದಾರ್ಥಗಳು, ಉದಾಹರಣೆಗೆ ಆಸಿಡ್, ಸೀಮೆಎಣ್ಣೆ, ಮೇಲೆ ಬರುವಾಗ ಗಂಟಲು, ಶ್ವಾಸಕೋಶವನ್ನೂ ಹಾಳು ಮಾಡುತ್ತವೆ. ಏನು ತಿಂದಿತು, ಎಷ್ಟು ತಿಂದಿತು, ಎಷ್ಟು ಹೊತ್ತಿಗೆ ತಿಂದಿತು ಅಂತ ಡಾಕ್ಟರಿಗೆ ಹೇಳಿ. ವಾಂತಿ ಮಾಡಿಸಬೇಕೋ ಬೇಡವೋ ಅನ್ನುವುದು ಅವರ ತೀರ್ಮಾನ. ಪ್ಯಾಕೆಟ್ ಸಿಕ್ಕಿದರೆ ಜೊತೆಗೇ ಒಯ್ಯಿರಿ.

ಇನ್ನೊಂದು ತಪ್ಪು: ಗುದದಿಂದ ದಾರ ನೇತಾಡುತ್ತಿದ್ದರೆ ಎಳೆಯುವುದು. ಅದರ ಇನ್ನೊಂದು ತುದಿ ಒಳಗೆ ಎಲ್ಲೋ ಸಿಕ್ಕಿಕೊಂಡಿರಬಹುದು. ಎಳೆದರೆ ಕರುಳು ಕುಯ್ದುಹೋಗುತ್ತದೆ.

2. ಒಣಗಿದೆಯೇ ಅಂತ ಪರೀಕ್ಷಿಸಿ

ವಾಂತಿ ಭೇದಿಯಲ್ಲಿ ನಾಯಿ ಸುಸ್ತಾಗಲು ಮುಖ್ಯ ಕಾರಣ ಮೈಯ ನೀರು ಮತ್ತು ಲವಣ ಹೋಗುವುದು. ನೋಡಲು ಮೂರು ದಾರಿ ಇವೆ. ಮೂರಕ್ಕೂ ಸೇರಿ ಒಂದು ನಿಮಿಷ ಸಾಕು.

ತುಟಿ ಎತ್ತಿ ಒಸಡನ್ನು ಮುಟ್ಟಿ. ಅದು ಒದ್ದೆಯಾಗಿ ಜಾರುವಂತಿರಬೇಕು. ಬೆರಳಿಗೆ ಅಂಟಿದರೆ ನೀರು ಕಡಿಮೆಯಾಗಿದೆ. ಆಮೇಲೆ ಅದೇ ಒಸಡನ್ನು ಬೆರಳಿಂದ ಒತ್ತಿ ಬಿಡಿ. ಒತ್ತಿದ ಜಾಗ ಬಿಳಿಯಾಗಿ, 2 ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ಕೊನೆಗೆ ಹೆಗಲ ಮೇಲಿನ ಚರ್ಮವನ್ನು ಮೆಲ್ಲಗೆ ಎತ್ತಿ ಬಿಡಿ. ಥಟ್ಟನೆ ಕೂತರೆ ಸರಿ. ಗುಡಾರದ ಹಾಗೆ ನಿಂತು ನಿಧಾನಕ್ಕೆ ಇಳಿದರೆ ಡಾಕ್ಟರ್ ಬೇಕು. ಮುದಿ ನಾಯಿಯಲ್ಲಿ ಮತ್ತು ತೀರಾ ಬಡಕಲು ನಾಯಿಯಲ್ಲಿ ಚರ್ಮ ಹೇಗೂ ಸಡಿಲ. ಅಲ್ಲಿ ಒಸಡನ್ನೇ ನಂಬಿ.

ಜ್ವರವನ್ನೂ ನೋಡಿ. ಮೂಗು ಬಿಸಿಯಾಗಿದೆ, ಒಣಗಿದೆ ಅನ್ನುವುದರಿಂದ ಏನೂ ತಿಳಿಯುವುದಿಲ್ಲ. ಥರ್ಮಾಮೀಟರ್ ತುದಿಗೆ ಸ್ವಲ್ಪ ವ್ಯಾಸಲೀನ್ ಹಚ್ಚಿ ಗುದದಲ್ಲಿ ಇಟ್ಟು ನೋಡಬೇಕು. ನಾಯಿಯ ಮಾಮೂಲಿ ತಾಪ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್, ಅಂದರೆ 101ರಿಂದ 102.5 ಫ್ಯಾರನ್‌ಹೀಟ್. ನಮ್ಮ ಮೈಗಿಂತ ಜಾಸ್ತಿಯೇ ಇರುತ್ತದೆ, ಗಾಬರಿ ಬೇಡ. 103 ದಾಟಿದರೆ ಜ್ವರ. ಜೊತೆಗೆ ಹೊಟ್ಟೆ ತೊಂದರೆಯೂ ಇದ್ದರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ.

3. ಬಂದದ್ದು ಏನು, ಎಲ್ಲಿಂದ? ನೋಡಿ ಬರೆದಿಡಿ

ಒರೆಸಿ ಎಸೆಯುವ ಮೊದಲು ಒಂದು ಫೋಟೋ ತೆಗೆದುಕೊಳ್ಳಿ. ಅಸಹ್ಯ ಅನ್ನಿಸಬಹುದು. ಆದರೆ ನಾವು ಬಾಯಲ್ಲಿ ಹೇಳುವ ಹತ್ತು ಮಾತಿಗಿಂತ ಡಾಕ್ಟರಿಗೆ ಆ ಫೋಟೋ ಹೆಚ್ಚು ಹೇಳುತ್ತದೆ.

ವಾಂತಿ ಬೇರೆ, ತಿಂದದ್ದು ಹಾಗೇ ವಾಪಸ್ ಬರುವುದು ಬೇರೆ. ವಾಂತಿಗೆ ಮೊದಲು ನಾಯಿ ಜೊಲ್ಲು ಸುರಿಸುತ್ತದೆ, ತುಟಿ ನೆಕ್ಕುತ್ತದೆ, ಹೊಟ್ಟೆ ಹಿಂಡಿ ಹಿಂಡಿ ಒದ್ದಾಡುತ್ತದೆ. ಬಂದದ್ದು ಅರೆಬರೆ ಜೀರ್ಣವಾಗಿರುತ್ತದೆ, ಕೆಲವೊಮ್ಮೆ ಹಳದಿ ಪಿತ್ತ ಇರುತ್ತದೆ. ವಾಪಸ್ ಬರುವುದಾದರೆ ಈ ಒದ್ದಾಟವೇ ಇಲ್ಲ. ತಲೆ ಬಗ್ಗಿಸಿದ ಕೂಡಲೇ ತಿಂದದ್ದು ಹಾಗೇ, ಉರುಟು ಕೊಳವೆಯ ಆಕಾರದಲ್ಲಿ ಹೊರಗೆ ಬರುತ್ತದೆ. ಇದು ಅನ್ನನಾಳದ ತೊಂದರೆ ಇರಬಹುದು. ಗಬಗಬ ತಿಂದು ಒಂದು ಸಲ ಹೀಗಾದರೆ ದೊಡ್ಡದಲ್ಲ. ಮತ್ತೆ ಮತ್ತೆ ಆದರೆ ತೋರಿಸಲೇಬೇಕು. ಸಪ್ಪೆ ಊಟದಿಂದ ಇದು ಗುಣವಾಗುವುದಿಲ್ಲ.

ಭೇದಿಯಲ್ಲೂ ಎರಡು ಬಗೆ. ಸಣ್ಣ ಕರುಳಿನ ಭೇದಿಯಲ್ಲಿ ಒಂದೊಂದು ಸಲಕ್ಕೂ ಜಾಸ್ತಿ ಮಲ, ನೀರು ನೀರಾಗಿ. ದಿನಕ್ಕೆ ಹೋಗುವ ಸಲ ಅಷ್ಟೇನೂ ಹೆಚ್ಚಲ್ಲ. ಬಹಳ ದಿನ ಎಳೆದರೆ ನಾಯಿ ತೂಕ ಇಳಿಯುತ್ತದೆ. ದೊಡ್ಡ ಕರುಳಿನದಾದರೆ ದಿನಕ್ಕೆ ಐದಾರು ಸಲ ಓಡುತ್ತದೆ, ಪ್ರತಿ ಸಲ ಸ್ವಲ್ಪ ಸ್ವಲ್ಪವೇ. ಲೋಳೆ ಇರುತ್ತದೆ, ನಾಯಿ ತಿಣುಕುತ್ತದೆ, ಕೊನೆಯಲ್ಲಿ ಒಂದೆರಡು ಹನಿ ತಾಜಾ ಕೆಂಪು ರಕ್ತ ಬರಬಹುದು. ನಾಯಿ ಲವಲವಿಕೆಯಿಂದ ಇದ್ದು ಆ ಒಂದೆರಡು ಹನಿ ಮಾತ್ರ ಕಂಡರೆ ಆ ಕ್ಷಣಕ್ಕೆ ಓಡಬೇಕಿಲ್ಲ. ಫೋನ್ ಮಾಡಿ ಕೇಳಿ. ರಕ್ತ ಹಣ್ಣಿನ ಜ್ಯಾಮ್‌ನ ಹಾಗೆ ಗಟ್ಟಿಯಾಗಿ ಬರತೊಡಗಿದರೆ ಮಾತ್ರ ಕೂಡಲೇ ಹೊರಡಿ.

ಹಾಗೆಯೇ, ನಾಯಿ ತಿಣುಕುವುದನ್ನು ಕಂಡು ಮಲಬದ್ಧತೆ ಅಂದುಕೊಂಡು ಎಣ್ಣೆ ಕುಡಿಸುವವರಿದ್ದಾರೆ. ಅದು ಭೇದಿಯನ್ನು ಇನ್ನೂ ಹೆಚ್ಚಿಸುತ್ತದೆ. ಮೊದಲು ಬಂದದ್ದನ್ನು ನೋಡಿ.

4. ನೀರು: ಸ್ವಲ್ಪ ಸ್ವಲ್ಪ, ಆದರೆ ಬಿಡದೆ

ನಾಯಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ ಸುಮಾರು 50ರಿಂದ 60 ಮಿಲಿ ನೀರು ಬೇಕು. 10 ಕೆಜಿ ನಾಯಿಗೆ ಅರ್ಧ ಲೀಟರಿಗೆ ಮೇಲೆ. ಭೇದಿ ಇದ್ದರೆ ಇನ್ನೂ ಜಾಸ್ತಿ.

ಭೇದಿ ಮಾತ್ರ ಇದ್ದರೆ ಬಟ್ಟಲಲ್ಲಿ ನೀರು ಯಾವಾಗಲೂ ಇರಲಿ. ವಾಂತಿ ಇದ್ದರೆ ಬೇರೆ ಕ್ರಮ. ವಾಂತಿಯಾದ ನಾಯಿಗೆ ಬಾಯಾರಿಕೆ ಜಾಸ್ತಿ. ಬಟ್ಟಲು ತುಂಬಾ ಸಿಕ್ಕಿದರೆ ಒಂದೇ ಉಸಿರಿಗೆ ಕುಡಿಯುತ್ತದೆ. ಜಠರ ಹಿಗ್ಗಿ ಎಲ್ಲವೂ ಮತ್ತೆ ಹೊರಗೆ. ಅದಕ್ಕೇ ವಾಂತಿಯಾದ ಮೇಲೆ ಅರ್ಧ ಗಂಟೆ ಬಿಡಿ. ಆಮೇಲೆ ಚಿಕ್ಕ ನಾಯಿಗೆ ಒಂದೆರಡು ಚಮಚ, ದೊಡ್ಡದಕ್ಕೆ ಕಾಲು ಲೋಟ. ಅದು ನಿಂತರೆ ಕಾಲು ಗಂಟೆ ಬಿಟ್ಟು ಮತ್ತೆ ಅಷ್ಟೇ. ನೆಕ್ಕಲು ಐಸ್ ತುಂಡು ಕೊಟ್ಟರೂ ಆದೀತು. ಎರಡು ಮೂರು ಗಂಟೆ ಹೀಗೆ ನಿಂತಿತು ಅಂದರೆ ಬಟ್ಟಲು ಇಡಿ.

*ಇಲ್ಲಿ ಆಗುವ ತಪ್ಪು:* ಕುಡಿಯದ ನಾಯಿಯ ಬಾಯಿ ತೆರೆದು ಸಿರಿಂಜಿನಿಂದ ನೀರು ಸುರಿಯುವುದು. ನೀರು ಶ್ವಾಸಕೋಶಕ್ಕೆ ಹೋಗಬಹುದು. ಹಾಲು ಕೂಡ ಬೇಡ. ಬೆಳೆದ ನಾಯಿಗಳಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕಡಿಮೆ. ಭೇದಿಗೆ ಹಾಲು ಕೊಟ್ಟರೆ ಭೇದಿ ಹೆಚ್ಚುತ್ತದೆ. ಮನುಷ್ಯರ ಓಆರ್‌ಎಸ್ ಕೊಡಬಹುದೇ ಅಂತ ಹಲವರು ಕೇಳುತ್ತಾರೆ. ಡಾಕ್ಟರ್ ಹೇಳಿದರೆ, ಅವರು ಹೇಳಿದ ಅಳತೆಯಲ್ಲಿ ಮಾತ್ರ ಕೊಡಿ. ಸಿಹಿ ರುಚಿಗೆ ಏನು ಹಾಕಿದ್ದಾರೆ ಅನ್ನುವುದನ್ನು ಪ್ಯಾಕೆಟ್ ಮೇಲೆ ಓದಿ. ಕ್ಸೈಲಿಟಾಲ್ ಇದ್ದರೆ ಮುಟ್ಟಲೇಬೇಡಿ.

5. ಹೊಟ್ಟೆಗೆ ಬಿಡುವು: ಯಾರಿಗೆ, ಎಷ್ಟು ಹೊತ್ತು

ಮೊದಲೆಲ್ಲ ಹೊಟ್ಟೆ ಕೆಟ್ಟ ಎಲ್ಲ ನಾಯಿಯನ್ನೂ ಒಂದು ದಿನ ಉಪವಾಸ ಇಡಿ ಅನ್ನುತ್ತಿದ್ದರು. ಈಗ ಹಾಗೆ ಹೇಳುವುದಿಲ್ಲ. ಕರುಳಿನ ಒಳಪದರದ ಜೀವಕೋಶಗಳು ಆಹಾರದಿಂದಲೇ ಪೋಷಣೆ ಪಡೆಯುತ್ತವೆ. ಬಹಳ ಹೊತ್ತು ಖಾಲಿ ಬಿಟ್ಟರೆ ಅವು ಚೇತರಿಸಿಕೊಳ್ಳುವುದೂ ನಿಧಾನ.

ಹಾಗಾಗಿ ಭೇದಿ ಮಾತ್ರ ಇದ್ದು ನಾಯಿ ಹಸಿದಿದ್ದರೆ ಉಪವಾಸ ಬೇಕಿಲ್ಲ, ನೇರವಾಗಿ ಆರನೇ ಹಂತಕ್ಕೆ ಹೋಗಿ. ವಾಂತಿ ಇದ್ದರೆ, ಆರೋಗ್ಯವಾಗಿದ್ದ ವಯಸ್ಕ ನಾಯಿಗೆ 6ರಿಂದ 12 ಗಂಟೆ ಊಟ ನಿಲ್ಲಿಸಿ. ನೀರು ನಿಲ್ಲಿಸಬೇಡಿ.

ಮರಿಗಳನ್ನು, ಅಂಗೈ ಅಗಲದ ಚಿಕ್ಕ ತಳಿಗಳನ್ನು, ಸಕ್ಕರೆ ಕಾಯಿಲೆಯ ನಾಯಿಗಳನ್ನು, ಬಸುರಿ ಮತ್ತು ಹಾಲೂಡಿಸುವ ನಾಯಿಗಳನ್ನು ಉಪವಾಸ ಇಡಬೇಡಿ. ಮರಿಯ ಮೈಯಲ್ಲಿ ಕೂಡಿಟ್ಟ ಸಕ್ಕರೆ ಬಹಳ ಕಡಿಮೆ. ಕೆಲವು ಗಂಟೆ ಊಟ ತಪ್ಪಿದರೆ ನಡುಕ, ತೂರಾಟ, ಫಿಟ್ಸ್ ಕೂಡ ಬರಬಹುದು. ಇವರ ವಿಷಯದಲ್ಲಿ ಡಾಕ್ಟರನ್ನು ಕೇಳಿಯೇ ಮುಂದಿನ ಹೆಜ್ಜೆ.

6. ಸಪ್ಪೆ ಊಟ

ಸಪ್ಪೆ ಊಟ ಅಂದರೆ ಕೊಬ್ಬು ಕಡಿಮೆ, ಸುಲಭವಾಗಿ ಅರಗುವ, ರುಚಿಗೆ ಏನೂ ಹಾಕದ ಊಟ. ಮನೆಯಲ್ಲಿ ಮಾಡುವುದು ಸುಲಭ:

ಚರ್ಮ, ಮೂಳೆ, ಕಣ್ಣಿಗೆ ಕಾಣುವ ಕೊಬ್ಬು ತೆಗೆದ ಕೋಳಿ ಎದೆಯ ಮಾಂಸವನ್ನು ಬರೀ ನೀರಿನಲ್ಲಿ ಬೇಯಿಸಿ. ಮೇಲೆ ತೇಲುವ ಜಿಡ್ಡು ತೆಗೆಯಿರಿ. ಬಿಳಿ ಅಕ್ಕಿಯ ಅನ್ನವನ್ನು ಮಾಮೂಲಿಗಿಂತ ಮೆತ್ತಗೆ ಮಾಡಿ. ಬೆಂದ ಮೇಲೆ 1 ಪಾಲು ಕೋಳಿಗೆ 2 ಪಾಲು ಅನ್ನ ಸೇರಿಸಿ ಕಿವುಚಿ. ಕೋಳಿ ಆಗದ ನಾಯಿಗೆ ಮುಳ್ಳು ತೆಗೆದ ಬಿಳಿ ಮೀನು ಅಥವಾ ಬೇಯಿಸಿದ ಮೊಟ್ಟೆಯ ಬಿಳಿ ಭಾಗ ಆಗುತ್ತದೆ. ಅನ್ನದ ಬದಲು ಬೇಯಿಸಿದ ಆಲೂಗಡ್ಡೆ ಕೂಡ ಆದೀತು. ಉಪ್ಪು, ಎಣ್ಣೆ, ಬೆಣ್ಣೆ, ಮಸಾಲೆ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಬೇಡ. ಅಂಗಡಿಯ ಸೂಪ್ ಪುಡಿ, ಸೂಪ್ ಕ್ಯೂಬ್‌ಗಳಲ್ಲಿ ಈರುಳ್ಳಿ ಪುಡಿ ಇರುತ್ತದೆ, ಅವೂ ಬೇಡ.

ಎಷ್ಟು ಕೊಡಬೇಕು ಅನ್ನುವುದೇ ಇಲ್ಲಿ ಮುಖ್ಯ. ಮೊದಲ ಸಲ ಒಂದೆರಡು ಚಮಚ ಸಾಕು. ಎರಡು ಗಂಟೆ ನೋಡಿ. ನಿಂತರೆ ಇನ್ನೊಂದು ಸ್ವಲ್ಪ. ದಿನದ ಊಟವನ್ನು ನಾಲ್ಕರಿಂದ ಆರು ಪಾಲು ಮಾಡಿ, ಮೊದಲ ದಿನ ಒಟ್ಟು ಮಾಮೂಲಿಯ ಅರ್ಧದಷ್ಟು ಹೋದರೆ ಸಾಕು. ನಾಯಿ ಬಟ್ಟಲು ನೆಕ್ಕಿ ನೆಕ್ಕಿ ನಿಮ್ಮ ಮುಖ ನೋಡುತ್ತದೆ. ಮನಸ್ಸು ಗಟ್ಟಿ ಮಾಡಿಕೊಳ್ಳಿ. ಆ ನೋಟಕ್ಕೆ ಸೋತು ಹಾಕುವ ಎರಡನೇ ಬಟ್ಟಲೇ ಎಷ್ಟೋ ಸಲ ಮತ್ತೆ ವಾಂತಿ ತರುವುದು.

ದೊಡ್ಡ ಕರುಳಿನ ಭೇದಿಯಾಗಿದ್ದರೆ ನಾರಿನಂಶ ಸಹಾಯಕ್ಕೆ ಬರುತ್ತದೆ. ಬೇಯಿಸಿ ಕಿವುಚಿದ ಸಿಹಿಗುಂಬಳಕಾಯಿ ಚಿಕ್ಕ ನಾಯಿಗೆ ಒಂದು ಚಮಚ, ದೊಡ್ಡದಕ್ಕೆ ಮೂರು ನಾಲ್ಕು ಚಮಚ, ಊಟದ ಜೊತೆ ಬೆರೆಸಿ. ನಾರು ನೀರನ್ನು ಹಿಡಿದಿಟ್ಟುಕೊಂಡು ಮಲವನ್ನು ಗಟ್ಟಿ ಮಾಡುತ್ತದೆ.

ಪ್ರೋಬಯಾಟಿಕ್, ಅಂದರೆ ಕರುಳಿಗೆ ಒಳ್ಳೆಯದು ಮಾಡುವ ಬ್ಯಾಕ್ಟೀರಿಯಾದ ಪುಡಿ, ಕೊಟ್ಟರೆ ಭೇದಿ ಸ್ವಲ್ಪ ಬೇಗ ನಿಲ್ಲಬಹುದು. ನಾಯಿಗೆಂದೇ ತಯಾರಿಸಿದ್ದನ್ನು ಆರಿಸಿ. ಕೊಡದಿದ್ದರೆ ನಷ್ಟವೇನಿಲ್ಲ.

ಸಪ್ಪೆ ಊಟ ಮೂರರಿಂದ ಐದು ದಿನಕ್ಕೆ ಮಾತ್ರ. ಇದರಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇಲ್ಲ, ಎಷ್ಟೋ ವಿಟಮಿನ್ ಇಲ್ಲ. ಇದು ಒಗ್ಗಿತು ಅಂತ ತಿಂಗಳುಗಟ್ಟಲೆ ಇದನ್ನೇ ಹಾಕುವವರಿದ್ದಾರೆ. ಬೆಳೆಯುವ ಮರಿಗೆ ಹೀಗೆ ಮಾಡಿದರೆ ಮೂಳೆಯೇ ಸೊಟ್ಟಗಾಗಬಹುದು.

ಎರಡು ದಿನದಲ್ಲಿ ಸ್ವಲ್ಪವೂ ಸುಧಾರಣೆ ಕಾಣದಿದ್ದರೆ ಇಲ್ಲಿಗೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

7. ಹಳೆಯ ಊಟಕ್ಕೆ ಮೆಲ್ಲಗೆ ಮರಳಿ

ಮಲ ಗಟ್ಟಿಯಾಗಿ ಒಂದು ದಿನ ಕಳೆದ ಮೇಲೆ ಶುರು ಮಾಡಿ. ಮೊದಲ ಎರಡು ದಿನ ಮುಕ್ಕಾಲು ಪಾಲು ಸಪ್ಪೆ ಊಟ, ಕಾಲು ಪಾಲು ಹಳೆಯ ಊಟ. ಆಮೇಲೆ ಎರಡು ದಿನ ಅರ್ಧ ಅರ್ಧ. ಮುಂದಿನ ಎರಡು ದಿನ ಕಾಲು ಪಾಲು ಸಪ್ಪೆ, ಮುಕ್ಕಾಲು ಹಳೆಯದು. ನಡುವೆ ಮಲ ಮತ್ತೆ ಸಡಿಲವಾದರೆ ಒಂದು ಮೆಟ್ಟಿಲು ಕೆಳಗಿಳಿದು ಎರಡು ದಿನ ಕಾಯಿರಿ.

ನನ್ನ ನಾಯಿಯ ವಿಷಯದಲ್ಲಿ ನಾನು ಎಡವಿದ್ದು ಇಲ್ಲೇ. ಭೇದಿ ನಿಂತ ಖುಷಿಗೆ ಮಾರನೇ ದಿನವೇ ಪೂರ್ತಿ ಬಟ್ಟಲು ಹಾಕಿದೆ. ಮತ್ತೆ ಐದು ದಿನ ಅದು ಒದ್ದಾಡಿತು.

ನಾಯಿ ಗಟ್ಟಿಮುಟ್ಟಾಗಿದ್ದು ನೀವಾಗಿಯೇ ಊಟದ ಬ್ರ್ಯಾಂಡ್ ಬದಲಿಸುವಾಗಲೂ ಇದೇ ಲೆಕ್ಕ, 7ರಿಂದ 10 ದಿನ. ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಹೊಸ ಊಟಕ್ಕೆ ಹೊಂದಿಕೊಳ್ಳಲು ಅಷ್ಟು ಸಮಯ ಬೇಕು.

8. ಔಷಧ: ಕೇಳದೆ ಕೊಡಬೇಡಿ

ಮನೆಯ ಡಬ್ಬಿಯಲ್ಲಿರುವ ನಮ್ಮ ಭೇದಿ ಮಾತ್ರೆಯೇ ಇಲ್ಲಿ ದೊಡ್ಡ ಅಪಾಯ. ಲೋಪೆರಮೈಡ್ ಅನ್ನುವ ಮಾತ್ರೆ ಕೋಲಿ, ಶೆಟ್ಲ್ಯಾಂಡ್ ಶೀಪ್‌ಡಾಗ್, ಆಸ್ಟ್ರೇಲಿಯನ್ ಶೆಫರ್ಡ್ ತಳಿಗಳ ಎಷ್ಟೋ ನಾಯಿಗಳಿಗೆ ಮಾರಕವಾಗಬಹುದು. ಔಷಧವನ್ನು ಮೆದುಳಿನಿಂದ ಹೊರಗಿಡುವ ಎಂಡಿಆರ್1 ಎಂಬ ಜೀನ್ ಅವುಗಳಲ್ಲಿ ಕೆಟ್ಟಿರುತ್ತದೆ. ಮಿಶ್ರತಳಿಯಲ್ಲೂ ಇದು ಇರಬಹುದು, ಹೊರಗಿನಿಂದ ತಿಳಿಯುವುದಿಲ್ಲ. ಹೊಟ್ಟೆನೋವು ಅಂತ ಐಬುಪ್ರೊಫೆನ್ ಕೊಟ್ಟರೆ ಜಠರದಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಪ್ಯಾರಾಸಿಟಮಾಲ್ ಕೂಡ ಸುರಕ್ಷಿತವಲ್ಲ.

ಆಂಟಿಬಯಾಟಿಕ್ ಬಗ್ಗೆಯೂ ಒಂದು ಮಾತು. ಹಿಂದಿನ ಸಲ ಬರೆದುಕೊಟ್ಟ ಮೆಟ್ರೋನಿಡಜೋಲ್ ಉಳಿದಿದೆ, ಅದನ್ನೇ ಹಾಕೋಣ ಅಂದುಕೊಳ್ಳಬೇಡಿ. ಸಾಮಾನ್ಯ ಭೇದಿಗೆ ಆಂಟಿಬಯಾಟಿಕ್ ಬೇಕಾಗುವುದಿಲ್ಲ. ಅದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ, ಅವು ಮರಳಿ ಬೆಳೆಯಲು ವಾರಗಳೇ ಹಿಡಿಯುತ್ತವೆ. ಡಾಕ್ಟರ್ ಆಂಟಿಬಯಾಟಿಕ್ ಬರೆಯದಿದ್ದರೆ ಅವರು ಸರಿಯಾಗಿ ನೋಡಲಿಲ್ಲ ಅಂದುಕೊಳ್ಳಬೇಡಿ.

9. ಕಾರಣ ಹುಡುಕಿ

ಕಳೆದ ಮೂರು ದಿನದ ಲೆಕ್ಕ ಹಾಕಿ. ಊಟ ಬದಲಾಯಿತೇ? ಮನೆಗೆ ಬಂದವರು ಏನಾದರೂ ತಿನ್ನಿಸಿದರೇ? ಕಸದ ಬುಟ್ಟಿ ಉರುಳಿತ್ತೇ? ಕಾಲುಚೀಲ, ಆಟಿಕೆಯ ತುಂಡು ಕಾಣೆಯಾಗಿದೆಯೇ? ಹೊಸ ಔಷಧ ಶುರುವಾಗಿದೆಯೇ? ಪ್ರಯಾಣ, ಪಟಾಕಿ ಸದ್ದು, ಹೊಸ ಮನೆ, ಹೀಗೆ ಹೆದರಿದರೂ ಕೆಲವು ನಾಯಿಗಳಿಗೆ ಭೇದಿಯಾಗುತ್ತದೆ.

ಜಿಡ್ಡಿನ ಊಟ ತಿಂದ ಮೇಲೆ ವಾಂತಿ, ಹೊಟ್ಟೆನೋವು ಬಂದರೆ ಮೇದೋಜೀರಕ ಗ್ರಂಥಿಯ ಉರಿಯೂತ ಇರಬಹುದು. ಜೀರ್ಣರಸ ತಯಾರಿಸುವ ಗ್ರಂಥಿ ಇದು. ಮಿನಿಯೇಚರ್ ಷ್ನಾಜರ್ ತಳಿಯಲ್ಲಿ ಜಾಸ್ತಿ. ಹಬ್ಬದೂಟದ ಉಳಿಕೆ, ಕರಿದ ಚರ್ಮ, ಮಾಂಸದ ಕೊಬ್ಬು ನಾಯಿಗೆ ಹಾಕಬೇಡಿ ಅನ್ನುವುದು ಇದಕ್ಕೇ.

ಜಂತುಹುಳವನ್ನು ಮರೆಯಬೇಡಿ. ಮಲದಲ್ಲಿ ಹುಳ ಕಾಣದಿದ್ದರೂ ಒಳಗೆ ಇರಬಹುದು. ಕೊಕ್ಕೆಹುಳ ಮರಿಯ ರಕ್ತ ಹೀರಿ ಅದನ್ನು ಬಿಳಿಚುವಂತೆ ಮಾಡುತ್ತದೆ, ಚಾಟಿಹುಳ ದೊಡ್ಡ ಕರುಳಿನ ಭೇದಿ ತರುತ್ತದೆ. ಜಿಯಾರ್ಡಿಯಾ ಹುಳವಲ್ಲ, ಒಂದೇ ಜೀವಕೋಶದ ಪರಾವಲಂಬಿ. ಅದು ಪ್ರತಿ ದಿನ ಮಲದಲ್ಲಿ ಸಿಗುವುದಿಲ್ಲ. ಅದಕ್ಕೇ ಮೂರು ಬೇರೆ ಬೇರೆ ದಿನದ ಮಾದರಿ ಕೇಳುತ್ತಾರೆ. ಮರಿಗಳಿಗೆ ಜಂತುಹುಳದ ಔಷಧ 2 ವಾರದ ವಯಸ್ಸಿಗೇ ಶುರುವಾಗಬೇಕು. ದುಂಡುಹುಳ, ಕೊಕ್ಕೆಹುಳ ಮನುಷ್ಯರಿಗೂ ತಗಲುತ್ತವೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮಲವನ್ನು ಅಂದಂದೇ ಎತ್ತಿ, ಕೈ ಸೋಪಿನಲ್ಲಿ ತೊಳೆಯಿರಿ.

10. ಪದೇ ಪದೇ ಹೊಟ್ಟೆ ಕೆಡುವ ನಾಯಿಗೆ

ಮೊದಲು ಸಣ್ಣ ಬದಲಾವಣೆಗಳನ್ನು ಮಾಡಿ ನೋಡಿ. ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಹಳದಿ ನೊರೆ ವಾಂತಿ ಮಾಡುವ ನಾಯಿಗೆ ರಾತ್ರಿ ಮಲಗುವ ಮುಂಚೆ ಒಂದು ಹಿಡಿ ಊಟ ಕೊಟ್ಟರೆ ಬಹಳ ಸಲ ಅದು ನಿಂತುಹೋಗುತ್ತದೆ. ಗಬಗಬ ತಿನ್ನುವ ನಾಯಿಗೆ ಒಳಗೆ ಗುಬುಟುಗಳಿರುವ ಬಟ್ಟಲು ಸಿಗುತ್ತದೆ, ಇಲ್ಲವೇ ಊಟವನ್ನು ಅಗಲವಾದ ತಟ್ಟೆಯಲ್ಲಿ ಹರಡಿ. ದಿನವೂ ಒಂದೇ ಹೊತ್ತಿಗೆ ಊಟ, ಅಳತೆ ಮಾಡಿದ ಊಟ. ಬಿಸ್ಕತ್ತು, ಅಗಿಯುವ ಕಡ್ಡಿ ಎಲ್ಲ ಸೇರಿ ದಿನದ ಕ್ಯಾಲೊರಿಯಲ್ಲಿ ಹತ್ತರಲ್ಲಿ ಒಂದು ಪಾಲು ದಾಟಬಾರದು. ಹುಲ್ಲು ತಿಂದರೆ ಹೆದರಬೇಡಿ. ಆರೋಗ್ಯವಾದ ನಾಯಿಗಳೂ ತಿನ್ನುತ್ತವೆ. ಹುಲ್ಲಿಗೆ ಕೀಟನಾಶಕ ಹೊಡೆದಿಲ್ಲ ಅನ್ನುವುದಷ್ಟು ಖಾತ್ರಿ ಮಾಡಿಕೊಳ್ಳಿ.

ಮೂರು ವಾರ ದಾಟಿಯೂ ಭೇದಿ ಅಥವಾ ವಾಂತಿ ಬಂದು ಹೋಗುತ್ತಲೇ ಇದ್ದರೆ ಅದನ್ನು ದೀರ್ಘಕಾಲದ ತೊಂದರೆ ಅನ್ನುತ್ತಾರೆ. ಆಗ 'ನಮ್ಮ ನಾಯಿಯ ಹೊಟ್ಟೆ ಸೂಕ್ಷ್ಮ' ಅಂತ ಬಿಡಬೇಡಿ. ಅದಕ್ಕೆ ಕಾರಣ ಇದೆ, ಹುಡುಕಬಹುದು. ಸಮಾಧಾನದ ಸಂಗತಿ ಏನೆಂದರೆ, ಇಂಥ ನಾಯಿಗಳಲ್ಲಿ ಅರ್ಧಕ್ಕೂ ಹೆಚ್ಚು ಊಟ ಬದಲಿಸಿದರೆ ಸಾಕು, ಸುಧಾರಿಸುತ್ತವೆ.

ಡಾಕ್ಟರ್ ಹೇಳಬಹುದಾದದ್ದು ಆಹಾರ ಪರೀಕ್ಷೆ. ಯಾವ ಆಹಾರ ಒಗ್ಗುತ್ತಿಲ್ಲ ಅಂತ ಕಂಡುಹಿಡಿಯಲು ನಾಯಿ ಈವರೆಗೆ ತಿನ್ನದ ಒಂದೇ ಬಗೆಯ ಮಾಂಸದ ಊಟ ಕೊಡುತ್ತಾರೆ. ಇಲ್ಲವೇ ಪ್ರೋಟೀನನ್ನು ಚೂರು ಚೂರು ಮಾಡಿ, ಮೈ ಅದನ್ನು ಗುರುತಿಸದ ಹಾಗೆ ತಯಾರಿಸಿದ ಊಟ. ಅದಕ್ಕೆ ಹೈಡ್ರೊಲೈಸ್ಡ್ ಊಟ ಅನ್ನುತ್ತಾರೆ. ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ ಇವು ನಾಯಿಗಳಿಗೆ ಹೆಚ್ಚಾಗಿ ಅಲರ್ಜಿ ತರುವಂಥವು. ಹೊಟ್ಟೆಯ ತೊಂದರೆಯಾದರೆ ಎರಡರಿಂದ ನಾಲ್ಕು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ. ಚರ್ಮದ ತುರಿಕೆಯೂ ಇದ್ದರೆ ಎಂಟು ವಾರ ಬೇಕು. ಕೂದಲು ಅಥವಾ ಜೊಲ್ಲು ಕಳುಹಿಸಿ ಅಲರ್ಜಿ ಕಂಡುಹಿಡಿಯುವ ಕಿಟ್‌ಗಳಿಗೆ ದುಡ್ಡು ಹಾಕಬೇಡಿ. ಅವುಗಳ ಫಲಿತಾಂಶವನ್ನು ನಂಬುವಂತಿಲ್ಲ.

ಈ ಪರೀಕ್ಷೆ ಕೆಡುವುದು ಬಹುಪಾಲು ಮನೆಯವರಿಂದಲೇ. ಒಬ್ಬರು ಶ್ರದ್ಧೆಯಿಂದ ಅಳೆದು ಹಾಕುತ್ತಾರೆ, ಇನ್ನೊಬ್ಬರು ಮೇಜಿನ ಕೆಳಗೆ ಒಂದು ತುಣುಕು ಇಳಿಸುತ್ತಾರೆ. ಆ ತುಣುಕಿನಿಂದ ಮೂರು ವಾರದ ಲೆಕ್ಕ ಹಾಳು. ರುಚಿ ಬೆರೆಸಿದ ಜಂತುಹುಳದ ಮಾತ್ರೆ, ನಾಯಿಯ ಟೂತ್‌ಪೇಸ್ಟ್, ಮನೆಯ ಬೆಕ್ಕಿನ ಬಟ್ಟಲು ಕೂಡ ಲೆಕ್ಕಕ್ಕೆ ಬರುತ್ತವೆ. ಶುರು ಮಾಡುವ ಮುಂಚೆ ಮನೆಯವರನ್ನೆಲ್ಲ ಕೂರಿಸಿ ಮಾತಾಡಿ. ಅಜ್ಜಿ, ಮಕ್ಕಳು, ಕೆಲಸಕ್ಕೆ ಬರುವವರು ಎಲ್ಲರಿಗೂ ತಿಳಿದಿರಲಿ.

ಸುಧಾರಿಸಿದ ಮೇಲೆ ಹಳೆಯ ಊಟವನ್ನು ಬೇಕೆಂದೇ ಮತ್ತೆ ಕೊಟ್ಟು ನೋಡುತ್ತಾರೆ. ಕೆಲವು ದಿನದಲ್ಲಿ ಭೇದಿ ಮರಳಿದರೆ ಅದೇ ಕಾರಣ ಅಂತ ಖಾತ್ರಿ. ಗುಣವಾದ ನಾಯಿಗೆ ಮತ್ತೆ ಅದನ್ನೇ ಹಾಕಲು ಮನಸ್ಸು ಬರುವುದಿಲ್ಲ, ನಿಜ. ಆದರೆ ಇದನ್ನು ಮಾಡದಿದ್ದರೆ, ಸುಮ್ನೆ ತಾನಾಗಿ ಗುಣವಾಯಿತೋ ಊಟದಿಂದ ಗುಣವಾಯಿತೋ ತಿಳಿಯುವುದೇ ಇಲ್ಲ.

ಊಟ ಬದಲಿಸಿಯೂ ಸುಧಾರಿಸದಿದ್ದರೆ ರಕ್ತ ಪರೀಕ್ಷೆ, ಹೊಟ್ಟೆಯ ಸ್ಕ್ಯಾನ್ ಮಾಡಿಸುತ್ತಾರೆ, ವಿಟಮಿನ್ ಬಿ12 ಎಷ್ಟಿದೆ ನೋಡುತ್ತಾರೆ. ಕರುಳು ಕೆಟ್ಟಿದ್ದರೆ ಅದು ಕಡಿಮೆಯಾಗುತ್ತದೆ, ಅದನ್ನು ತುಂಬದೆ ಬೇರೆ ಔಷಧವೂ ಸರಿಯಾಗಿ ಹಿಡಿಯುವುದಿಲ್ಲ. ನಾಯಿ ರಾಶಿ ರಾಶಿ ತಿಂದೂ ಬಡಕಲಾಗುತ್ತಿದ್ದರೆ, ಮಲ ಜಾಸ್ತಿ, ತಿಳಿ ಬಣ್ಣ, ಜಿಡ್ಡು ಜಿಡ್ಡಾಗಿದ್ದರೆ ಅದನ್ನು ಮರೆಯದೆ ಹೇಳಿ. ಮೇದೋಜೀರಕ ಗ್ರಂಥಿ ಸಾಕಷ್ಟು ಜೀರ್ಣರಸ ಕೊಡದೆ ಇದ್ದಾಗ ಹೀಗಾಗುತ್ತದೆ. ಜರ್ಮನ್ ಶೆಫರ್ಡ್‌ಗಳಲ್ಲಿ ಇದು ಹೆಚ್ಚು. ಟಿಎಲ್‌ಐ ಅನ್ನುವ ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಆಮೇಲೆ ಪ್ರತಿ ಊಟದ ಜೊತೆ ಜೀರ್ಣರಸದ ಪುಡಿ ಬೆರೆಸಿ ಕೊಡಬೇಕು, ಅದು ಜೀವನಪೂರ್ತಿ. ಹೀಗೆ ಕೊಟ್ಟರೆ ಎಲುಬು ಎಣಿಸುವ ಹಾಗಿದ್ದ ನಾಯಿಗಳೂ ಮತ್ತೆ ಮೈ ತುಂಬಿಕೊಳ್ಳುತ್ತವೆ.